ಎಚ್ಚರವೆಲ್ಲ ಕಂಬದ ಮೇಲೆ

ವಾಹನ ಚಾಲಕರಿಗೆ ರಸ್ತೆಯಲ್ಲಿ ಎಚ್ಚರವೇ ಇರುವುದಿಲ್ಲ ಎನ್ನುವುದು ಶುದ್ಧ ಅಪಪ್ರಚಾರ. ದೂರದ ಮರದ ಮರೆಯಲ್ಲಿ ನಿಂತ ಸಂಚಾರ ಪೊಲೀಸರ ಟೋಪಿಯ ಅಂಚು ಅವರಿಗೆ ಕಾಣುತ್ತದೆ, ಕಂಬದ ತುದಿಯ ಕ್ಯಾಮೆರಾ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದೂ ತಿಳಿಯುತ್ತದೆ. ಕಾಣದೆ ಹೋಗುವುದು ಬಂಪರಿನಿಂದ ನಾಲ್ಕು ಮಾರು ಮುಂದೆ ರಸ್ತೆ ದಾಟುತ್ತಿರುವ ಮುದುಕಿಯೊಬ್ಬಳೇ. ಆಕೆಯ ಕೈಯಲ್ಲಿ ದಂಡದ ರಸೀದಿ ಪುಸ್ತಕ ಇಲ್ಲದಿರುವುದು ಇದಕ್ಕೆ ಕಾರಣವಿರಬೇಕು.

ಕ್ಯಾಮೆರಾ ಸಮೀಪಿಸಿದಾಗ ಕಾರಿನೊಳಗೆ ನಡೆಯುವ ಕ್ರಿಯಾವಿಧಿ ನೋಡುವಂತಿರುತ್ತದೆ. ಕಿವಿಗಂಟಿದ್ದ ಮೊಬೈಲ್ ತೊಡೆಸಂದಿಗೆ ಜಾರುತ್ತದೆ, ಕಾಲು ಬ್ರೇಕಿನ ಮೇಲೆ ಬೀಳುತ್ತದೆ, ಒಂದು ಕೈ ಸೀಟ್ ಬೆಲ್ಟನ್ನು ಎದೆಗೆ ಅಡ್ಡಲಾಗಿ ಎಳೆದು, ಕೊಂಡಿಗೆ ಸಿಕ್ಕಿಸುವ ಗೋಜಿಗೆ ಹೋಗದೆ ಸುಮ್ಮನೆ ಹಿಡಿದುಕೊಳ್ಳುತ್ತದೆ, ಮುಖದಲ್ಲಿ ಜನ್ಮದಲ್ಲೇ ನಿಯಮ ಮೀರದವರ ಸಾತ್ವಿಕ ಕಳೆ ಮೂಡುತ್ತದೆ. ಕಂಬ ದಾಟಿದೊಡನೆ ಬೆಲ್ಟ್ ಸರ್ರನೆ ಗೂಡು ಸೇರುತ್ತದೆ, ಕಾರು ಮತ್ತೆ ಹಾರುತ್ತದೆ. ಸಂಚಾರ ತಜ್ಞರು ಈ ವರ್ತನೆಯನ್ನು ಕಾಂಗರೂ ನೆಗೆತವೆಂದು ಕರೆದಿದ್ದಾರೆ. ಈ ಹಠಾತ್ ಬ್ರೇಕಿಗೆ ಹಿಂದಿನ ವಾಹನದವರು ಎದೆ ಹಿಡಿದುಕೊಂಡರೆ ಅದು ಅವರ ಅಜಾಗರೂಕತೆ; ಅವರೂ ಕ್ಯಾಮೆರಾ ನೋಡಿಕೊಂಡು ಬರಬೇಕಿತ್ತು.

1959ರಲ್ಲಿ ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ಅವರು ಮೂರು ಬಿಂದುಗಳ ಸೀಟ್ ಬೆಲ್ಟನ್ನು ರೂಪಿಸಿದಾಗ, ಅದು ಒಂದೇ ಕೈಯಲ್ಲಿ ಸಲೀಸಾಗಿ ಹಾಕಿಕೊಳ್ಳುವಂತಿರಬೇಕು ಎಂಬುದಕ್ಕೆ ವಿಶೇಷ ಗಮನ ಕೊಟ್ಟಿದ್ದರು. ಅದೇ ಒಂದು ಕೈಯಲ್ಲಿ ಹಾಕದೆಯೂ ಹಾಕಿದಂತೆ ಕಾಣಿಸಬಹುದು ಎಂಬ ಸಾಧ್ಯತೆ ಪಾಪ ಅವರಿಗೆ ಹೊಳೆದಿರಲಾರದು. ಬೆಲ್ಟ್ ಹಾಕದಿದ್ದರೆ ಕಾರು ಬೀಪ್ ಬೀಪ್ ಎಂದು ಕೂಗುವ ವ್ಯವಸ್ಥೆ ಬಂದ ಮೇಲೆ, ಕ್ಷಣಮಾತ್ರದಲ್ಲಿ ಬೆಲ್ಟ್ ಸಿಕ್ಕಿಸಿ ಆ ಸದ್ದು ನಿಲ್ಲಿಸುವ ಬದಲು, ಹುಡುಕಿ, ದುಡ್ಡು ಕೊಟ್ಟು, ಪಟ್ಟಿಯೇ ಇಲ್ಲದ ಬರಿಯ ಕೊಂಡಿಯನ್ನು ತಂದು ತೂರಿಸುವ ಶ್ರಮಜೀವಿಗಳೂ ನಮ್ಮ ನಡುವೆ ಇದ್ದಾರೆ. ಇಂಥವರನ್ನು ಸೋಮಾರಿಗಳೆನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಹಾಗೆ ನೋಡಿದರೆ ಕ್ಯಾಮೆರಾದ ಹುಟ್ಟೇ ಇವರ ಪರವಾಗಿದೆ. ವೇಗ ಅಳೆಯುವ ಈ ಉಪಕರಣವನ್ನು ರೂಪಿಸಿದ ಡಚ್ಚರ ಮೌರಿಸ್ ಗಾಟ್ಸೊನಿಡೀಸ್ ಅವರು 1953ರ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದ ಚಾಲಕರು. ತಿರುವುಗಳಲ್ಲಿ ತಮ್ಮ ವೇಗವನ್ನು ಅಳೆದು, ಇನ್ನೂ ಜೋರಾಗಿ ಓಡಿಸುವುದನ್ನು ಕಲಿಯಲು ಅವರಿಗೆ ಅದು ಬೇಕಾಗಿತ್ತು. ಆಮೇಲೆ ಅದು ಪೊಲೀಸರ ಕೈ ಸೇರಿತು. ಎದುರಿನಿಂದ ಬರುವ ಅಪರಿಚಿತರು ಹೆಡ್‌ಲೈಟ್ ಮಿನುಗಿಸಿ ಮುಂದೆ ಪೊಲೀಸರಿದ್ದಾರೆಂದು ತಿಳಿಸುತ್ತಾರಲ್ಲ, ರಸ್ತೆಯ ಮೇಲೆ ಉಳಿದಿರುವ ಪರೋಪಕಾರ ಬಹುಶಃ ಅದೊಂದೇ. ಅವರೂ ಸಿಗದಿದ್ದರೆ ಕ್ಯಾಮೆರಾಗಳ ಜಾಗ ತೋರಿಸುವ ಆಪ್ ಇದೆ. ಅದನ್ನು ನೋಡಲು ಎರಡು ಸೆಕೆಂಡ್ ತಲೆ ತಗ್ಗಿಸಿದರೆ, ಗಂಟೆಗೆ 60 ಕಿಲೋಮೀಟರ್ ವೇಗದ ಕಾರು 33 ಮೀಟರ್ ದೂರವನ್ನು ಚಾಲಕನ ಕಣ್ಣಿನ ನೆರವಿಲ್ಲದೆ ಕ್ರಮಿಸಿರುತ್ತದೆ. ಚಿಂತೆಯಿಲ್ಲ, ಆ 33 ಮೀಟರಿನಲ್ಲಿ ಕ್ಯಾಮೆರಾ ಇಲ್ಲವೆಂದು ಆಪ್ ಖಚಿತಪಡಿಸಿದೆ.

ಈಚೆಗೆ ಎರಡು ಕಂಬಗಳ ನಡುವಿನ ಸರಾಸರಿ ವೇಗವನ್ನು ಲೆಕ್ಕ ಹಾಕುವ ಕ್ಯಾಮೆರಾಗಳು ಬಂದು ಕಾಂಗರೂಗಳ ಬದುಕು ಸ್ವಲ್ಪ ಕಷ್ಟವಾಗಿದೆ. ಆದರೆ ಗಣಿತ ಬಲ್ಲವರಿಗೆ ಇಲ್ಲೂ ದಾರಿಯುಂಟು. ಕಂಬಗಳ ನಡುವೆ 10 ಕಿಲೋಮೀಟರ್ ಅಂತರ, ವೇಗದ ಮಿತಿ ಗಂಟೆಗೆ 60 ಎಂದಿಟ್ಟುಕೊಳ್ಳಿ; ಹತ್ತು ನಿಮಿಷಕ್ಕೆ ಮೊದಲು ಎರಡನೆಯ ಕಂಬ ದಾಟುವಂತಿಲ್ಲ. ಜಾಣ ಚಾಲಕ ಎಂಟು ಕಿಲೋಮೀಟರನ್ನು 120ರ ವೇಗದಲ್ಲಿ ನಾಲ್ಕೇ ನಿಮಿಷದಲ್ಲಿ ಮುಗಿಸಿ, ಕಾರನ್ನು ರಸ್ತೆಯಂಚಿಗೆ ಹಾಕಿ, ಐದು ನಿಮಿಷ ಗಡಿಯಾರ ನೋಡುತ್ತಾ ಕೂರುತ್ತಾನೆ. ಆತನಿಗೆ ಎಲ್ಲಿಗೋ ತುರ್ತಾಗಿ ಹೋಗಬೇಕಾಗಿರುತ್ತದೆ. ಮಿತಿಯೊಳಗೆ ಬಂದವರೆಲ್ಲ ಒಬ್ಬೊಬ್ಬರಾಗಿ ತನ್ನನ್ನು ದಾಟಿ ಹೋಗುವುದನ್ನು ಕಂಡು, ರಸ್ತೆಯಲ್ಲಿ ಓಡಿಸಲು ಬಾರದವರೇ ತುಂಬಿಕೊಂಡಿದ್ದಾರೆಂದು ಗೊಣಗಿಕೊಳ್ಳುತ್ತಾ, ಆತ ಆಪ್ ತೆರೆದು ಮುಂದಿನ ಕಂಬ ಎಲ್ಲಿದೆಯೆಂದು ನೋಡುತ್ತಾನೆ.