ಗಮನಕ್ಕೆ ಬಂದಿದೆ, ಉದ್ಭವಿಸುವುದಿಲ್ಲ

ವಿಧಾನಸಭೆಯಲ್ಲಿ ಕೊಡುವ ಉತ್ತರದ ಹಾಳೆ ನೀವು ನೋಡಿಲ್ಲದಿದ್ರೆ ಒಮ್ಮೆ ನೋಡಿ ಮಾರಾಯ್ರೆ, ಟೈಮ್ ಪಾಸಿಗೆ ಅಷ್ಟು ಒಳ್ಳೇದು ಬೇರೆ ಎಂತದೂ ಇಲ್ಲ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಮಧ್ಯ ಒಂದು ಗೆರೆ. ಒಂದೇ ಪ್ರಶ್ನೆಯನ್ನು ಅ, ಆ, ಇ, ಈ ಅಂತ ಬಂಗುಡೆ ತುಂಡು ಮಾಡಿದ ಹಾಗೆ ಮಾಡಿರ್ತಾರೆ. ಅ: ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದೆ. ಆ: ಬಂದಿದ್ದಲ್ಲಿ ಕೈಗೊಂಡ ಕ್ರಮವೇನು? ಪರಿಶೀಲನೆಯಲ್ಲಿದೆ. ಇ: ಯಾವ ಕಾಲಮಿತಿಯೊಳಗೆ ಮುಗಿಸಲಾಗುವುದು? ಉದ್ಭವಿಸುವುದಿಲ್ಲ. ಅಷ್ಟೇ. ಕೆಳಗೆ ಒಂದು ಉದ್ದದ ಕಡತ ಸಂಖ್ಯೆ, ಅದರ ಕೆಳಗೆ ಸಚಿವರ ಸಹಿ, ಆ ಇಡೀ ಹಾಳೆಯಲ್ಲಿ ಪಕ್ಕಾ ಮಾಹಿತಿ ಅಂತ ಇರೋದು ಕಡತ ಸಂಖ್ಯೆ ಮಾತ್ರ.

ಈಗ ನಮ್ಮ ಕರಾವಳಿಯಿಂದ ಒಬ್ಬರು ಶಾಸಕರು ಹೋಗಿದ್ದಾರೆ ಅಂತ ಇಟ್ಕೊಳ್ಳಿ. ಹೆಸರು ಕೇಳ್ಬೇಡಿ, ಹೆಸರು ವೈಯಕ್ತಿಕ ಮಾಹಿತಿ. ಕ್ಷೇತ್ರ ಸಹ ಕೇಳ್ಬೇಡಿ, ಕ್ಷೇತ್ರ ಹೇಳಿದ್ರೆ ಹೆಸರು ಗೊತ್ತಾಗ್ತದೆ. ಬ್ರಹ್ಮಕಲಶ, ಕೋಲ, ಕಂಬಳ, ಮದುವೆ, ಗೃಹಪ್ರವೇಶ, ಕ್ರಿಕೆಟ್ ಟೂರ್ನಮೆಂಟಿನ ಟ್ರೋಫಿ ಇದೆಲ್ಲ ಮುಗಿಸಿ ಉಳಿದ ಟೈಮಲ್ಲಿ ಅವರು ಮೂರು ವಿಷಯದ ಮೇಲೆ ಪ್ರಶ್ನೆ ಹಾಕಿದ್ರು. ಬಸ್, ಡೇಟಾ, ಸರ್ಕಾರಿ ಆಫೀಸಿನ ಸೇವೆ. ಪಾಪ, ಒಳ್ಳೆ ಮನಸ್ಸಿಂದಲೇ ಕೇಳಿದ್ದು.

ಮೊದಲು ಬಸ್ಸು. ಶಕ್ತಿ ಯೋಜನೆ ಶುರುವಾದದ್ದು 2023 ಜೂನ್ 11ಕ್ಕೆ, ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಫ್ರೀ. ಘಟ್ಟದ ಮೇಲೆ ಫುಲ್ ರಶ್, ಸೀಟಿಗೆ ಜಗಳ, ಟಿವಿಯಲ್ಲೆಲ್ಲ ಬಂತು. ನಮ್ಮಲ್ಲಿ ಎಂತ ಅಂದ್ರೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತ್ರೆ ಹೊರಡುವ ಸಿಟಿ ಬಸ್ ಹೆಚ್ಚುಕಡಿಮೆ ಎಲ್ಲ ಪ್ರೈವೇಟ್, ಉಡುಪಿಗೆ ಹೋದ್ರೂ ಅದೇ ಕಥೆ, ಹಾಗಾಗಿ ಯೋಜನೆ ರಾಜ್ಯಕ್ಕೆಲ್ಲ ಅನ್ವಯ ಆಗ್ತದೆ, ಅನ್ವಯ ಆಗ್ಲಿಕ್ಕೆ ಬೇಕಾದ ಬಸ್ಸು ಮಾತ್ರ ಇಲ್ಲ. ಹೊಸ ರೂಟಿಗೆ ಸರ್ಕಾರಿ ಬಸ್ ಪರ್ಮಿಟ್ ಅಂತ ಆರ್‌ಟಿಎ, ಅಂದ್ರೆ ಪರ್ಮಿಟ್ ಕೊಡುವ ಸಾರಿಗೆ ಪ್ರಾಧಿಕಾರದ ಮೀಟಿಂಗಿಗೆ ಬಂದ ಕೂಡ್ಲೇ ಆಕ್ಷೇಪಣೆ, ಆಮೇಲೆ ಕೇಸು, ಆಮೇಲೆ ಆ ಫೈಲಿಗೇ ಲಾಸ್ಟ್ ಸ್ಟಾಪ್ ಯಾವುದು ಅಂತ ಗೊತ್ತಿರುದಿಲ್ಲ. ಶಾಸಕರು ಕೇಳಿದ್ರು: ನನ್ನ ಕ್ಷೇತ್ರದಲ್ಲಿ ಎಷ್ಟು ಸರ್ಕಾರಿ ಸಿಟಿ ಬಸ್ ಓಡ್ತಾ ಉಂಟು? ಉತ್ತರ ಬಂತು: ಸಾರ್ವಜನಿಕರ ಬೇಡಿಕೆಗೆ ಅನುಗುಣವಾಗಿ ಕಾರ್ಯಾಚರಣೆ ಮಾಡಲಾಗುತ್ತಿದೆ. ಸಂಖ್ಯೆ ಕೇಳಿದವರಿಗೆ ವಾಕ್ಯ ಕೊಟ್ರು. ಪಂಪ್‌ವೆಲ್ ಫ್ಲೈಓವರ್ ಕೆಳಗೆ ಮಳೆಗಾಲದಲ್ಲಿ ನೀರು ನಿಲ್ಲುದು ಯಾಕೆ ಅಂತ ಸಹ ಕೇಳಿದ್ರು, ಅದು ಹೆದ್ದಾರಿ ಪ್ರಾಧಿಕಾರದ್ದಂತೆ, ಅಂದ್ರೆ ಕೇಂದ್ರದ್ದು. ರೈಲು ಕೇಳಿದ್ರೆ ಅದೂ ಕೇಂದ್ರದ್ದು. ಅದ್ರಲ್ಲೂ ನಮ್ಮದು ಪಾಲಕ್ಕಾಡು ರೈಲ್ವೆ ವಿಭಾಗ ಒಂದು ಕಡೆ, ಮೈಸೂರು ವಿಭಾಗ ಒಂದು ಕಡೆ, ತೋಕೂರು ದಾಟಿದ್ರೆ ಕೊಂಕಣ ರೈಲ್ವೆ, ಮೂರು ಯಜಮಾನರ ಮನೆ. ಮಳೆ ನೀರು ರಾಜ್ಯದ್ದಾ ಕೇಂದ್ರದ್ದಾ ಅಂತ ಕೇಳ್ಲಿಕ್ಕೆ ಅವರಿಗೆ ಹೊಳೀಲಿಲ್ಲ, ಹೊಳೆದಿದ್ರೆ ಮಜಾ ಇತ್ತು.

ಶಕ್ತಿಗೆ ಸ್ಮಾರ್ಟ್ ಕಾರ್ಡ್ ಕೊಡ್ತೇವೆ, ಸೇವಾ ಸಿಂಧುವಲ್ಲಿ ಅರ್ಜಿ ಹಾಕಿ, ಮೂರು ತಿಂಗಳು ಅಂತ ಶುರುವಲ್ಲಿ ಹೇಳಿದ್ರಲ್ಲ, ಆ ಮೂರು ತಿಂಗಳು ಎಲ್ಲೋ ಶಿರಾಡಿ ಘಾಟಿಯಲ್ಲಿ ಬ್ಲಾಕ್ ಆಯ್ತು ಅಂತ ಕಾಣ್ತದೆ. ಅಲ್ಲಿವರೆಗೆ ಆಧಾರ್ ತೋರಿಸಿ. ಎಲ್ಲಿಂದ ಎಲ್ಲಿಗೆ ಅಂತ ಹೇಳಿ, ಸೊನ್ನೆ ರೂಪಾಯಿ ಟಿಕೆಟ್ ತಗೊಳ್ಳಿ. ಪ್ರೈವೇಟ್ ಬಸ್ಸಿನ ಕಂಡಕ್ಟರ್ ಮಾತ್ರ ಯಾವ ಕಾರ್ಡೂ ಕೇಳುದಿಲ್ಲ. "ಒಂತೆ ಪಿರ ಪೋಲೆ", ಸ್ವಲ್ಪ ಹಿಂದೆ ಹೋಗಿ ಅಂತ ತುಳುವಲ್ಲಿ ಹೇಳಿ ಜನರನ್ನು ಹಿಂದೆ ತಳ್ತಾ ತಳ್ತಾ "ಅಕ್ಕ, ನಿನ್ನೆ ಕಾಣ್ಲಿಲ್ಲ, ಮಗಳಿಗೆ ಜ್ವರ ಕಡಿಮೆ ಆಯ್ತಾ" ಅಂತ ಇಡೀ ಬಸ್ಸಿಗೆ ಕೇಳುವ ಹಾಗೆ ವಿಚಾರಿಸ್ತಾನೆ. ಖಾಸಗಿತನ ಸೊನ್ನೆ ಆದ್ರೂ ಸರ್ವರ್ ಡೌನ್ ಆಗುದಿಲ್ಲ.

ಹೀಗೆ ಎರಡನೇ ಪ್ರಶ್ನೆಗೆ ಬಂದ್ವು, ಅಂದ್ರೆ ಡೇಟಾ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜುಗಳು 2017 ಆಗಸ್ಟ್ 24ಕ್ಕೆ ಹೇಳಿದ್ದು, ಆ ಕೇಸು ಹಾಕಿದ್ದು ನಮ್ಮದೇ ರಾಜ್ಯದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ಆ ಹಕ್ಕು ನಮ್ಮ ಊರಿಗೆ ಬಂದು ಮುಟ್ಟಿದ್ದು ಹೇಗೆ ಗೊತ್ತುಂಟಾ, ಜೆರಾಕ್ಸ್ ಅಂಗಡಿಯ ಕಂಪ್ಯೂಟರಲ್ಲಿ. ಅಲ್ಲಿ ವಾಟ್ಸಾಪ್ ವೆಬ್ ಓಪನ್ ಇರ್ತದೆ, ಊರಿನ ಎಲ್ಲರ ಆಧಾರ್, ಪಾನ್, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಬ್ಲಡ್ ರಿಪೋರ್ಟ್ ಸಾಲಾಗಿ, ನಮ್ಮದನ್ನು ಹುಡುಕ್ಲಿಕ್ಕೆ ಅವ ಸ್ಕ್ರೋಲ್ ಮಾಡುವಾಗ ಹಿಂದೆ ನಿಂತ ನಾಲ್ಕು ಜನ ಸಹ ಜೊತೆಗೆ ಹುಡುಕ್ತಾರೆ. "ಓ ಇದು ನಮ್ಮ ಕೃಷ್ಣಣ್ಣಂದಲ್ವಾ, ಶುಗರ್ ಇಷ್ಟುಂಟಾ."

ಇದು ತಮಾಷೆ. ತಮಾಷೆ ಅಲ್ಲದ್ದು 2023ರಲ್ಲಿ ಆಯ್ತು. ಮಂಗಳೂರಲ್ಲಿ ಜಾಗ ರಿಜಿಸ್ಟರ್ ಮಾಡಿಸಿಕೊಂಡು ಬಂದವರ ಅಕೌಂಟಿಂದ ದುಡ್ಡು ಹೋಗ್ಲಿಕ್ಕೆ ಶುರುವಾಯ್ತು. ಒಟಿಪಿ ಇಲ್ಲ, ಫೋನ್ ಕಾಲ್ ಇಲ್ಲ, ಲಿಂಕ್ ಒತ್ತಿದ್ದಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಕೊಟ್ಟ ಹೆಬ್ಬೆಟ್ಟು, ಆಧಾರ್ ನಂಬರ್ ಎರಡೂ ದಾಖಲೆಯಲ್ಲಿ ಚಂದಕ್ಕೆ ಕಾಣ್ತಾ ಇತ್ತು, ಕಳ್ಳರು ಅದರಿಂದ ನಕಲಿ ಬೆರಳು ಮಾಡಿ ಎಇಪಿಎಸ್ ಅಂತ ಉಂಟಲ್ಲ, ಆಧಾರ್ ಹಾಕಿ ತಂಬ್ ಕೊಟ್ರೆ ದುಡ್ಡು ಬರುವ ವ್ಯವಸ್ಥೆ, ಅದ್ರಲ್ಲಿ ಒಂದೊಂದು ಸಲಕ್ಕೆ ಹತ್ತು ಸಾವಿರದವರೆಗೆ ಎಳೆದ್ರು. ಪೊಲೀಸರು ಕೇಸ್ ಹಾಕಿದ್ರು, ಬಿಹಾರದವರೆಗೆ ಹೋಗಿ ಹಿಡ್ಕೊಂಡು ಬಂದ್ರು. ಆಮೇಲೆ ಸರ್ಕಾರ ಬೆರಳಚ್ಚನ್ನು ದಾಖಲೆಯಲ್ಲಿ ಮರೆ ಮಾಡ್ಲಿಕ್ಕೆ ಹೊರಟಿತು. ನಮಗೆ ಹೇಳಿದ್ದು: ನಿಮ್ಮ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ.

ಸರಿ, ಲಾಕ್ ಮಾಡಿದ್ರು. ಈಗ ಬಂಟ್ವಾಳದ್ದೋ ಕಾಪುವಿನದ್ದೋ ಒಬ್ಬ ಬೀಡಿ ಕಟ್ಟುವ ಅಮ್ಮ ರೇಷನ್ ಅಂಗಡಿಗೆ ಹೋಗ್ತಾರೆ. ಎಷ್ಟೋ ವರ್ಷ ಎಲೆ ಕತ್ತರಿಸಿ, ಸುರುಳಿ ಸುತ್ತಿ, ನೂಲು ಕಟ್ಟಿ ಬೆರಳಿನ ಗೆರೆ ಎಲ್ಲ ಸವೆದು ಹೋಗಿದೆ. ಲಾಕ್ ಇಲ್ಲದಾಗಲೇ ಆ ಬೆರಳು ಮೆಷಿನ್ನಿಗೆ ಹಿಡಿಸ್ತಾ ಇರ್ಲಿಲ್ಲ. ಒರೆಸಿ ಇಡಿ, ಒತ್ತಿ ಇಡಿ, ಆ ಕೈ ಇಡಿ, ತಲೆಗೆ ಉಜ್ಜಿ ಇಡಿ, ನಾಳೆ ಬನ್ನಿ. ಸ್ವಂತ ಬೆರಳು ಇಟ್ಟ ಅಮ್ಮ ಯಾರು ಅಂತ ಮೆಷಿನ್ನಿಗೆ ಗೊತ್ತಾಗುದಿಲ್ಲ, ನಕಲಿ ಬೆರಳು ತಂದ ಕಳ್ಳನನ್ನು ಮಾತ್ರ ಅದು ಬನ್ನಿ ಕೂತ್ಕೊಳ್ಳಿ ಅಂತ ಕರೀತದೆ. ಒಟ್ರಾಶಿ ನೋಡಿದ್ರೆ ಆ ಅಮ್ಮ ಅಕ್ಕಿ ತಗೊಳ್ಳಿಕ್ಕೆ ತನ್ನದೇ ನಕಲಿ ಬೆರಳು ಒಂದು ಮಾಡಿಸಿಕೊಂಡು ಹೋಗುದು ಒಳ್ಳೇದು.

ಶಾಸಕರು ಇದನ್ನೇ ಕೇಳಿದ್ರು. ಅ: ಗಮನಕ್ಕೆ ಬಂದಿದೆಯೇ? ಬಂದಿದೆ. ಆ: ಎಷ್ಟು ಜನರ ಬೆರಳಚ್ಚು ಹೊರಗೆ ಹೋಗಿದೆ? ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ. ನೋಡಿ, ನಮ್ಮ ಮಾಹಿತಿ ಕಳ್ಳರ ಹತ್ರ ಸಂಗ್ರಹ ಆಗಿ ಮುಗಿದಿದೆ, ಸರ್ಕಾರದ್ದು ಇನ್ನೂ ಆಗ್ತಾ ಉಂಟು. ಇ: ಜವಾಬ್ದಾರಿ ಯಾರದ್ದು? ಉದ್ಭವಿಸುವುದಿಲ್ಲ.

ಈ ಅವಸ್ಥೆಗೆ ದಿಲ್ಲಿಯಲ್ಲಿ ಒಂದು ಕಾನೂನು ಸಹ ಮಾಡಿದ್ದಾರೆ, ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ, 2023ರದ್ದು, ದಂಡ 250 ಕೋಟಿವರೆಗೆ ಉಂಟು. ನಿಯಮ ಬಂದದ್ದು 2025 ನವೆಂಬರಲ್ಲಿ. ನಮ್ಮ ಡೇಟಾ ಇಟ್ಕೊಂಡವರು ಅದನ್ನು ಜೋಪಾನ ಮಾಡ್ಬೇಕು ಅನ್ನುವ ಮುಖ್ಯ ಭಾಗ ಜಾರಿ ಆಗುದು ಅಲ್ಲಿಂದ ಹದಿನೆಂಟು ತಿಂಗಳು ಬಿಟ್ಟು. ಆದ್ರೆ ಅದೇ ಕಾಯ್ದೆಯಲ್ಲಿ ಮಾಹಿತಿ ಹಕ್ಕು ಕಾಯ್ದೆಗೆ ಒಂದು ತಿದ್ದುಪಡಿ ಇತ್ತಲ್ಲ, ವೈಯಕ್ತಿಕ ಮಾಹಿತಿ ಅಂತ ಹೇಳಿ ಅರ್ಜಿಯನ್ನು ಸುಲಭಕ್ಕೆ ವಾಪಸ್ ಕಳಿಸ್ಲಿಕ್ಕೆ ಆಗುವಂಥದ್ದು, ಅದು ಮಾತ್ರ ಕೂಡ್ಲೇ ಜಾರಿ! ನಮ್ಮ ಬೆರಳು ಹದಿನೆಂಟು ತಿಂಗಳು ಕಾಯ್ಬೇಕು, ಆಫೀಸರ ಫೈಲಿಗೆ ಅದೇ ದಿನ ಕೊಡೆ ಬಿಡಿಸಿ ಆಯ್ತು. ರಸ್ತೆ ಕಾಮಗಾರಿಯ ಬಿಲ್ಲು ಕೇಳಿದ್ರೂ ನಾಳೆ ಕಂಟ್ರಾಕ್ಟರಿನ ಖಾಸಗಿತನಕ್ಕೆ ನೋವಾಗ್ತದೆ ಅಂತ ಹೇಳಿದ್ರೆ ಆಶ್ಚರ್ಯ ಇಲ್ಲ, ಹೊಂಡ ಮಾತ್ರ ಸಾರ್ವಜನಿಕ.

ಮೂರನೇದು ಸೇವೆ. ಇದ್ರಲ್ಲಿ ಜಾಸ್ತಿ ಹೇಳ್ಲಿಕ್ಕೆ ಇಲ್ಲ, ನಾಡಕಚೇರಿಗೆ ಹೋದವರಿಗೆ ಗೊತ್ತು, ಸರ್ವರ್ ಬೆಳಿಗ್ಗೆ ಬ್ಯುಸಿ, ಮಧ್ಯಾಹ್ನ ಡೌನ್, ಸಂಜೆ ಸ್ಲೋ. ಒಂದು ಲೆಕ್ಕ ಮಾತ್ರ ಹೇಳ್ತೇನೆ. ಸಕಾಲ ಅಂತ 2011ರ ಕಾಯ್ದೆ ಉಂಟು, ಹೇಳಿದ ದಿನಕ್ಕೆ ಕೆಲಸ ಆಗದಿದ್ರೆ ದಿನಕ್ಕೆ 20 ರೂಪಾಯಿ ಪರಿಹಾರ, ಜಾಸ್ತಿ ಅಂದ್ರೆ 500. ಅಂದ್ರೆ 25 ದಿನ ತಡ ಆದ್ರೆ ಮೀಟರ್ ನಿಲ್ತದೆ. ಇಪ್ಪತ್ತಾರನೇ ದಿನದಿಂದ ಆಫೀಸಿನವರಿಗೆ ತಡ ಮಾಡುದು ಪೂರ್ತಿ ಫ್ರೀ, ಇದೂ ಒಂಥರ ಶಕ್ತಿ ಯೋಜನೆಯೇ, ಗಂಡಸರಿಗೂ ಅನ್ವಯ. ಮೊದಲ ದಿನ ತಡ ಮಾಡಿದ್ರೆ ನಷ್ಟ, ವರ್ಷಗಟ್ಟಲೆ ಮಾಡಿದ್ರೆ ದಿನದ ಲೆಕ್ಕದಲ್ಲಿ ಪುಕ್ಕಟೆ ಆಗ್ತಾ ಬರ್ತದೆ, ಹೋಲ್‌ಸೇಲ್ ರೇಟು. ಆ ಪರಿಹಾರ ತಗೊಳ್ಳಿಕ್ಕೆ ಮತ್ತೆ ಮೇಲ್ಮನವಿ ಹಾಕ್ಬೇಕು, ಇಷ್ಟು ಓಡಾಟದ ಬಸ್ ಚಾರ್ಜು ಪ್ರೈವೇಟ್ ಬಸ್ಸಿಗೆ ಹೋಗ್ತದೆ, ಯಾಕಂದ್ರೆ ಸರ್ಕಾರಿ ಬಸ್ ಬೇಡಿಕೆಗೆ ಅನುಗುಣವಾಗಿ ಕಾರ್ಯಾಚರಣೆಯಲ್ಲಿದೆ.

ಶಾಸಕರಿಗೆ ಸಮ ಸಿಟ್ಟು ಬಂತು. ಎದ್ದು ನಿಂತು ಉಪಪ್ರಶ್ನೆ ಕೇಳಿದ್ರು: ಸ್ವಾಮಿ, ಬೀಡಿ ಕಟ್ಟುವವರ ಹೆಬ್ಬೆಟ್ಟು ಯಾರ್ಯಾರ ಹತ್ರ ಉಂಟು ಅಂತ ಊರಿಗೆ ಗೊತ್ತು, ನಿಮ್ಮ ಹತ್ರ ಬಸ್ ಎಷ್ಟುಂಟು ಅಂತ ನನಗ್ಯಾಕೆ ಗೊತ್ತಾಗ್ಬಾರ್ದು? ಅಷ್ಟೊತ್ತಿಗೆ ಹಿಂದಿನ ಸಾಲಲ್ಲಿ ಬೇರೆ ಯಾವುದೋ ವಿಷಯಕ್ಕೆ ಗಲಾಟೆ ಶುರುವಾಗಿ ನಾಲ್ಕು ಜನ ಬಾವಿಗೆ ಇಳಿದಿದ್ರು, ಅಂದ್ರೆ ಸದನದ ಬಾವಿಗೆ. ಆ ಗದ್ದಲದಲ್ಲಿ ಸಚಿವರು ನಗ್ತಾ ಹೇಳಿದ್ರು, ಮಾನ್ಯ ಸದಸ್ಯರು ಕೇಳಿದ ವಿವರ ಎಲ್ಲ ರೆಡಿ ಉಂಟು, ಸದನದ ಸಮಯ ಯಾಕೆ ಹಾಳು ಮಾಡುದು, ಪ್ರತ್ಯೇಕವಾಗಿ ಅವರಿಗೆ ಕಳಿಸಿಕೊಡ್ತೇನೆ.

ಕಳಿಸಿದ್ದೂ ಹೌದು. ಒಂದು ಲಿಂಕು. ಓಪನ್ ಮಾಡಿದ್ರೆ ಶಾಸಕರ ಆಧಾರ್ ನಂಬರ್ ಕೇಳ್ತು, ಹಾಕಿದ್ರು. ಬೆರಳು ಕೇಳ್ತು, ಇಟ್ರು. ಕಡೆಗೆ ಒಟಿಪಿ ಕೇಳ್ತು. ಆ ಒಟಿಪಿ ಹೋಗುದು ಅವರ ಹಳೆ ಪಿಎ ನಂಬರಿಗೆ, ಕಾರ್ಡ್ ಮಾಡಿಸುವಾಗ ಅವನದ್ದೇ ನಂಬರ್ ಕೊಟ್ಟದ್ದು. ಅವ ಈಗ ಎದುರು ಪಾರ್ಟಿಯಲ್ಲಿದ್ದಾನೆ.