ಕಾರ್ಟಿಂಗ್ ಹಾಲ್ ಆರಿಸುವಾಗ ಓಡಿಸದವರನ್ನೂ ಲೆಕ್ಕಕ್ಕೆ ತಗೊಳ್ಳಿ

ಜರ್ಮನಿಯ ಕೊಲೋನ್ ಸುತ್ತಮುತ್ತ ಇರುವ ನಮ್ಮ ಕನ್ನಡದ ಗುಂಪಿಗೆ ಚಳಿಗಾಲ ಬಂದರೆ ಒಂದೇ ಚಿಂತೆ. ಎಲ್ಲರೂ ಸೇರಿ ಎಲ್ಲಿಗೆ ಹೋಗೋಣ? ನವೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಕತ್ತಲಾಗುತ್ತದೆ. ಹೊರಗೆ ಮಳೆ, ಕೊರೆಯುವ ಗಾಳಿ. ಪಾರ್ಕಿನಲ್ಲಿ ಕೂತು ಚಿತ್ರಾನ್ನ ಹಂಚಿಕೊಳ್ಳುವ ಕಾಲ ಅದಲ್ಲ. ಹಾಗಾಗಿ ಇಂಡೋರ್ ಗೋ-ಕಾರ್ಟಿಂಗ್ (ಹಾಲ್ ಒಳಗಿನ ಟ್ರ್ಯಾಕಿನಲ್ಲಿ ಪುಟ್ಟ ರೇಸ್ ಗಾಡಿ ಓಡಿಸುವುದು) ಅಂತ ಯಾರಾದರೂ ಹೇಳಿದ ಕೂಡಲೇ ಹುಡುಗರೆಲ್ಲ ಕೇಳುವುದು ಟ್ರ್ಯಾಕ್ ಎಷ್ಟು ಉದ್ದ, ಕಾರ್ಟ್ ಎಷ್ಟು ಸ್ಪೀಡ್ ಅಂತ. ಗುಂಪಿಗೆ ಜಾಗ ಹುಡುಕುವಾಗ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ನಮ್ಮಲ್ಲಿ ಓಡಿಸದವರು ಎಷ್ಟು ಜನ? ಮೊದಲ ಸಲ ಓಡಿಸುವವರು ಎಷ್ಟು ಜನ? ಅವರಿಗೆ ಅಲ್ಲಿ ಏನಿದೆ? ಇದನ್ನು ಮೊದಲು ಕೇಳಬೇಕು.

ಈ ಸೀಮೆಯಲ್ಲಿ ಕಾರ್ಟಿಂಗ್ ಅಂದರೆ ಜನಕ್ಕೆ ಒಂದು ಅಭಿಮಾನ. ಕೊಲೋನ್ ಪಕ್ಕದ ಕೆರ್ಪೆನ್‌ನಲ್ಲೇ ಫಾರ್ಮುಲಾ ಒನ್ ಚಾಂಪಿಯನ್ ಮೈಕೆಲ್ ಶೂಮಾಕರ್ ಬೆಳೆದದ್ದು. ಅವರ ಅಪ್ಪ ಅಲ್ಲಿನ ಕಾರ್ಟ್ ಟ್ರ್ಯಾಕ್ ನೋಡಿಕೊಳ್ಳುತ್ತಿದ್ದರು, ಅಮ್ಮ ಅಲ್ಲಿನ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿದ್ದರು. ಇಡೀ ಮನೆಯೇ ಟ್ರ್ಯಾಕಿನ ಸುತ್ತ ಇತ್ತು. ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಕೂಡ ಕಾರ್ಟಿಂಗ್‌ನಿಂದಲೇ ಶುರು ಮಾಡಿ, 2021ರಲ್ಲಿ ಜರ್ಮನಿಯ ಡಿಟಿಎಂ ಅನ್ನುವ ಕಾರ್ ರೇಸ್ ಸರಣಿಗೆ ಇಳಿದರು. ಅವರ ಹೆಸರು ಹೇಳಿದರೆ ನಮ್ಮ ಮಕ್ಕಳ ಕಣ್ಣು ಅರಳುತ್ತದೆ.

ಆದರೆ ರೇಸ್ ಕಲಿಯಲು ಹೋಗುವುದು ಬೇರೆ, ಎಲ್ಲರೂ ಸೇರಿ ಒಂದು ಸಂಜೆ ಕಳೆಯುವುದು ಬೇರೆ.

ಬೆಂಗಳೂರಿನಲ್ಲಿ ನಾನು ನೋಡಿದ ಟ್ರ್ಯಾಕ್‌ಗಳು ಜಾಸ್ತಿ ಬಯಲಲ್ಲೇ ಇದ್ದವು. ಹೆಣ್ಣೂರು-ಬಾಗಲೂರು ರಸ್ತೆಯ ಕಡೆ ಹೋದರೆ ಸಂಜೆ ಹೊತ್ತು ಕುಟುಂಬ ಸಮೇತ ಬಂದಿರುತ್ತಾರೆ. ಓಡಿಸುವವರು ಇಬ್ಬರು, ನೋಡುವವರು ಆರು ಜನ. ಬೇಲಿ ಹಿಡಿದು ನಿಂತು ಕೂಗುತ್ತಾರೆ, ಫೋನಿನಲ್ಲಿ ವಿಡಿಯೊ ತೆಗೆಯುತ್ತಾರೆ. ಅಲ್ಲಿ ಎಷ್ಟೋ ಕಡೆ ಇಷ್ಟು ಸುತ್ತಿಗೆ ಇಷ್ಟು ದುಡ್ಡು ಅಂತ ಲೆಕ್ಕ. ಇಲ್ಲಿ ಹಾಗಲ್ಲ. ಇಲ್ಲಿನ ಹಾಲ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷದ ಲೆಕ್ಕ. ಎಂಟೋ ಹತ್ತೋ ನಿಮಿಷ ಓಡಿಸಿ, ಬಾವುಟ ಬಿದ್ದ ಕೂಡಲೇ ಒಳಗೆ ಬರಬೇಕು.

ಇದು ಸಣ್ಣ ವ್ಯತ್ಯಾಸ ಅಲ್ಲ. ಸುತ್ತಿನ ಲೆಕ್ಕವಿದ್ದರೆ ಮೆಲ್ಲಗೆ ಹೋಗುವವರಿಗೂ ಅಷ್ಟೇ ಸುತ್ತು ಸಿಗುತ್ತದೆ, ಮೇಲಾಗಿ ಟ್ರ್ಯಾಕಿನ ಮೇಲೆ ಹೆಚ್ಚು ಹೊತ್ತು ಇರುತ್ತಾರೆ. ನಿಮಿಷದ ಲೆಕ್ಕದಲ್ಲಿ ಮೆಲ್ಲಗೆ ಹೋದವರಿಗೆ ಸುತ್ತು ಕಡಿಮೆ. ಮೊದಲ ಸಲ ಸ್ಟೀರಿಂಗ್ ಹಿಡಿದವರು ಕೈ ಕುದುರಿಸಿಕೊಳ್ಳುವ ಹೊತ್ತಿಗೆ ಟೈಮ್ ಮುಗಿದಿರುತ್ತದೆ. ಅವರ ಜೊತೆ ನಾಲ್ಕು ಜನ ಪಳಗಿದವರಿದ್ದರೆ ಕೇಳುವುದೇ ಬೇಡ. ಹೊಸಬರಿಗೆ ಕಾಣುವುದು ನೀಲಿ ಬಾವುಟ ಮಾತ್ರ. ಹಿಂದಿನವರಿಗೆ ದಾರಿ ಬಿಡಿ ಅಂತ ಅದರ ಅರ್ಥ. ಸಂಜೆಯೆಲ್ಲ ದಾರಿ ಬಿಟ್ಟು ಮನೆಗೆ ಬಂದವರು ಮುಂದಿನ ಸಲ ಬರುತ್ತಾರಾ?

ಅದಕ್ಕೆ ಬುಕ್ ಮಾಡುವ ಮುಂಚೆ ಫೋನಿನಲ್ಲಿ ಬಾಯಿಬಿಟ್ಟು ಕೇಳಿ. ನಮ್ಮ ಗುಂಪಿನವರನ್ನೇ ಬೇರೆಯಾಗಿ ಓಡಲು ಬಿಡುತ್ತೀರಾ, ಇಲ್ಲ ಹೊರಗಿನವರ ಜೊತೆ ಸೇರಿಸುತ್ತೀರಾ? ಯಾರಾದರೂ ಗುದ್ದಿ ನಿಂತರೆ ಗಡಿಯಾರ ನಿಲ್ಲುತ್ತದಾ, ಓಡುತ್ತಲೇ ಇರುತ್ತದಾ? ಇಲ್ಲಿನವರ ಒಂದು ಗುಣ ನನಗೆ ತುಂಬಾ ಇಷ್ಟ. ಎಷ್ಟು ಪ್ರಶ್ನೆ ಕೇಳಿದರೂ ಬೇಜಾರು ಮಾಡಿಕೊಳ್ಳದೆ ಒಂದೊಂದಕ್ಕೂ ಸರಿಯಾಗಿ ಉತ್ತರ ಕೊಡುತ್ತಾರೆ. ನಮ್ಮಲ್ಲಿ 'ಬನ್ನಿ ಸರ್, ನೋಡ್ಕೊಳ್ಳೋಣ' ಅನ್ನುತ್ತಾರೆ. ಹೋದಾಗ ನಿಜಕ್ಕೂ ನೋಡಿಕೊಳ್ಳುತ್ತಾರೆ ಕೂಡ. ಇಲ್ಲಿ ಮೊದಲೇ ಹೇಳದಿದ್ದರೆ ಹೋದಾಗ ಏನೂ ಬದಲಾಗುವುದಿಲ್ಲ.

ಕಾರ್ಟ್ ಬ್ಯಾಟರಿಯದ್ದೋ ಪೆಟ್ರೋಲಿನದ್ದೋ ಅನ್ನುವುದೂ ಮುಖ್ಯ. ನಾನಂತೂ ಮುಚ್ಚಿದ ಹಾಲ್ ಆದರೆ ಬ್ಯಾಟರಿಯದ್ದನ್ನೇ ಆರಿಸುತ್ತೇನೆ. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಗಾಳಿ ಆಡದ ಜಾಗದಲ್ಲಿ ಅದು ಮೊದಲು ತಲೆನೋವು, ವಾಕರಿಕೆ ತರುತ್ತದೆ. ಮಕ್ಕಳು, ವಯಸ್ಸಾದವರು, ಬಸುರಿಯರು ಗಂಟೆಗಟ್ಟಲೆ ಕೂತು ನೋಡುವ ಜಾಗ ಅದು. ಇನ್ನೊಂದು ಲಾಭ ಇದೆ. ಬ್ಯಾಟರಿ ಕಾರ್ಟ್‌ಗಳನ್ನು ಎಷ್ಟೋ ಹಾಲ್‌ಗಳಲ್ಲಿ ಸಿಬ್ಬಂದಿ ರಿಮೋಟಿನಿಂದಲೇ ನಿಧಾನ ಮಾಡಬಲ್ಲರು. ಯಾರಾದರೂ ಟೈರಿನ ಗೋಡೆಗೆ ಗುದ್ದಿದರೆ ಒಂದು ಗುಂಡಿ ಒತ್ತಿ ಎಲ್ಲರ ವೇಗ ಇಳಿಸುತ್ತಾರೆ.

ಬಟ್ಟೆ, ಕೂದಲಿನ ವಿಷಯದಲ್ಲಿ ಇಲ್ಲಿನವರ ಕಟ್ಟುನಿಟ್ಟು ನಮ್ಮಲ್ಲೂ ಬರಬೇಕು. 2020ರಲ್ಲಿ ಹೈದರಾಬಾದಿನಲ್ಲಿ ಕಾಲೇಜು ಓದುತ್ತಿದ್ದ ಒಬ್ಬ ಹುಡುಗಿ, ಕೂದಲು ಕಾರ್ಟಿನ ಚಕ್ರಕ್ಕೆ ಸಿಕ್ಕಿ ತೀರಿಕೊಂಡಳು. ಅದನ್ನು ಓದಿದ ಮೇಲೆ ನಾನು ಇದನ್ನು ಯಾವತ್ತೂ ಹಗುರವಾಗಿ ತಗೊಂಡಿಲ್ಲ. ಇಲ್ಲಿ ಎಷ್ಟೋ ಹಾಲ್‌ಗಳಲ್ಲಿ ಹೆಲ್ಮೆಟ್ಟಿನ ಒಳಗೆ ತೆಳುವಾದ ಬಟ್ಟೆಯ ಮುಸುಕು ಹಾಕಲೇಬೇಕು. ನಮ್ಮದಿಲ್ಲದಿದ್ದರೆ ಕೌಂಟರಿನಲ್ಲಿ ಕೊಳ್ಳಬೇಕು. ಕಳೆದ ಸಲ ನಮ್ಮ ಗುಂಪಿನ ಒಬ್ಬ ಅಕ್ಕ ಉದ್ದ ಜಡೆ ಬಿಟ್ಟುಕೊಂಡು ಬಂದಿದ್ದರು. ಅಲ್ಲಿನ ಹುಡುಗಿ ತಾನೇ ಬಂದು ಜಡೆಯನ್ನು ಸುತ್ತಿ ಮುಸುಕಿನೊಳಗೆ ಸೇರಿಸಿದಳು. ಮುಸುಕಿನ ತುದಿಯನ್ನು ಜಾಕೆಟ್ಟಿನ ಕಾಲರಿನೊಳಗೆ ಮಡಿಸಿ, ಕುತ್ತಿಗೆಯ ಸುತ್ತ ಬೆರಳಾಡಿಸಿ ಇನ್ನೊಮ್ಮೆ ನೋಡಿದಳು. ದುಪಟ್ಟಾ ತೆಗೆದಿಡಿ ಅಂದಳು. ಆಮೇಲೇ ಕೂರಲು ಬಿಟ್ಟದ್ದು. ಹೊರಡುವ ಮುಂಚೆ ಅಷ್ಟು ಹೊತ್ತು ಕೊಡುವ ಜಾಗಕ್ಕೆ ಎರಡು ಯೂರೋ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಇನ್ನು ಓಡಿಸದವರು. ನಮ್ಮ ಮನೆಗಳಿಗೆ ಊರಿಂದ ಅಪ್ಪ-ಅಮ್ಮ ಬಂದಿರುತ್ತಾರೆ. ಅವರನ್ನು ಮನೆಯಲ್ಲಿ ಬಿಟ್ಟು ಹೋಗುವುದು ನಮ್ಮ ಅಭ್ಯಾಸವಲ್ಲ, ಆಗಲೂಬಾರದು. ಒಂದು ಹಾಲ್‌ನಲ್ಲಿ ಟ್ರ್ಯಾಕ್ ಬಹಳ ಚೆನ್ನಾಗಿತ್ತು. ಆದರೆ ನೋಡುವವರಿಗೆ ಇದ್ದದ್ದು ಒಂದು ಕಿರಿದಾದ ಓಣಿ, ಎರಡು ಬೆಂಚು. ಹಿರಿಯರು ಕೋಟು ಕೈಯಲ್ಲಿ ಹಿಡಿದು ನಿಂತೇ ಇದ್ದರು. ಅಂಥಲ್ಲಿಗೆ ನಾನು ಮತ್ತೆ ಗುಂಪು ಕರೆದುಕೊಂಡು ಹೋಗಲಾರೆ. ಗಾಜಿನಾಚೆ ಇಡೀ ಟ್ರ್ಯಾಕ್ ಕಾಣುವ ಹಾಗೆ ಬೆಚ್ಚಗೆ ಕೂರುವ ಜಾಗ ಬೇಕು. ಯಾರು ಎಷ್ಟು ಸೆಕೆಂಡಿಗೆ ಸುತ್ತು ಮುಗಿಸಿದರು ಅಂತ ತೋರಿಸುವ ಪರದೆ ಅಲ್ಲೇ ಇರಬೇಕು. ಹೆಸರು ಮೇಲೆ ಕೆಳಗೆ ಆಗುವುದನ್ನು ನೋಡುತ್ತಾ ಅಜ್ಜಿಯರೂ ಪಕ್ಷ ಕಟ್ಟುತ್ತಾರೆ. ಊಟದ ವಿಷಯ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಹೊರಗಿನ ತಿಂಡಿ ಬಿಡದ ಕಡೆಯೇ ಜಾಸ್ತಿ. ಮಾಂಸ ತಿನ್ನದವರಿಗೆ ಬರೀ ಆಲೂ ಫ್ರೈಸ್ ಸಿಗುವ ಹಾಲ್ ಆದರೆ ಊಟ ಬೇರೆ ಕಡೆ ಇಟ್ಟುಕೊಳ್ಳುವುದೇ ಮೇಲು.

ಮಕ್ಕಳಿಗೆ ಇಲ್ಲಿ ವಯಸ್ಸಿಗಿಂತ ಎತ್ತರ ನೋಡುವ ಕಡೆ ಜಾಸ್ತಿ, ಕಾಲು ಪೆಡಲಿಗೆ ಎಟುಕಬೇಕಲ್ವಾ. ಎತ್ತರ ಸಾಲದ ಮಕ್ಕಳಿಗಾಗಿ ದೊಡ್ಡವರ ಪಕ್ಕ ಕೂರುವ ಎರಡು ಸೀಟಿನ ಕಾರ್ಟ್ ಕೆಲವು ಕಡೆ ಇವೆ. ಇದು ನಮ್ಮ ಊರಿನ ಟ್ರ್ಯಾಕ್‌ಗಳಲ್ಲೂ ಜಾಸ್ತಿಯಾಗಲಿ ಅಂತ ನನ್ನ ಆಸೆ. ಓಡಿಸಲು ಹೆದರುವ ದೊಡ್ಡವರಿಗೂ ಅದು ಒಳ್ಳೆಯ ದಾರಿ.

ಕೊನೆಗೆ, ಗುಂಪು ದೊಡ್ಡದಿದ್ದರೆ ಒಬ್ಬೊಬ್ಬರ ರೇಸ್ ಬಿಟ್ಟು ತಂಡದ ರೇಸ್ ಕೇಳಿ. ಒಂದು ಕಾರ್ಟಿಗೆ ಮೂರ್ನಾಲ್ಕು ಜನ, ಒಬ್ಬರಾದ ಮೇಲೆ ಒಬ್ಬರು ಬದಲಾಗುತ್ತಾ ಒಂದೋ ಎರಡೋ ಗಂಟೆ ಓಡಿಸುವುದು. ತಂಡ ಮಾಡುವಾಗ ಪಳಗಿದವರನ್ನು ಒಂದೇ ಕಡೆ ಸೇರಲು ಬಿಡಬೇಡಿ. ಪ್ರತಿ ತಂಡಕ್ಕೂ ಒಬ್ಬ ಹೊಸಬರು, ಒಬ್ಬ ಜೋರು ಹುಡುಗ, ಟೈಮ್ ನೋಡಿ ಕೈಬೀಸಿ ಕರೆಯಲು ಒಬ್ಬ ಹಿರಿಯರು. ಇಂಥ ರೇಸಿಗೆ ವಾರಗಳ ಮುಂಚೆ ಹೇಳಬೇಕಾಗುತ್ತದೆ. ಡಿಸೆಂಬರ್ ಬಂತೆಂದರೆ ಆಫೀಸುಗಳ ಕ್ರಿಸ್‌ಮಸ್ ಪಾರ್ಟಿಗಳೇ ಸಂಜೆಗಳನ್ನೆಲ್ಲ ಹಿಡಿದುಬಿಡುತ್ತವೆ. ಆದಷ್ಟೂ ರಾಜ್ಯೋತ್ಸವದ ಕಾರ್ಯಕ್ರಮದ ದಿನವೇ ಹೆಸರು ಬರೆದುಕೊಂಡು ಬುಕ್ ಮಾಡಿಬಿಡಿ.