ಹೊಗೆ ಘಟಕ ಸುಡುವುದು ಖಚಿತ, ಬದಲಿ ಸಿಗುವುದು ಅನುಮಾನ

ಮಾದರಿ ರೈಲಿನ ಉಗಿ ಎಂಜಿನ್ ತಯಾರಿಸುವವರು ಅದರ ಚಿಮಣಿಯಲ್ಲಿ ನಿಜವಾಗಿಯೂ ಹೊಗೆ ಏಳುವಂತೆ ಮಾಡಿ, ಆ ಸಂಗತಿಯನ್ನೇ ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಿ, ಅದರ ಹೆಸರಿನಲ್ಲಿ ಬೆಲೆಯನ್ನೂ ಏರಿಸಿಕೊಳ್ಳುತ್ತಾರೆ. ಇಡೀ ಎಂಜಿನ್ನಿನಲ್ಲಿ ಒಂದಲ್ಲ ಒಂದು ದಿನ ಸುಟ್ಟೇ ಹೋಗುತ್ತದೆ ಎಂದು ಕಣ್ಣುಮುಚ್ಚಿ ಹೇಳಬಹುದಾದ ಭಾಗವೂ ಅದೇ ಹೊಗೆ ಘಟಕ. ಹೀಗಿದ್ದರೂ ಬದಲಿ ಘಟಕ ಬೇಕೆಂದು ಕೇಳಿದರೆ, ಯಾರೂ ಊಹಿಸಿರದ ಅಪಘಾತವೊಂದು ಸಂಭವಿಸಿದೆ ಎಂಬಂತೆ ಎಲ್ಲರೂ ಮುಖ ನೋಡುತ್ತಾರೆ. ನನಗೆ ಸಿಟ್ಟು ಬರುವುದು ಘಟಕ ಸುಟ್ಟಿತೆಂದಲ್ಲ, ಈ ನಟನೆಗೆ.

ನನ್ನ ಬಳಿ ಇರುವುದು ಜರ್ಮನ್ ರೈಲ್ವೆಯ 01 ಶ್ರೇಣಿಯ ಎಚ್‌ಒ ಮಾದರಿ, ಅಂದರೆ 1:87ರ ಅಳತೆಯದು. ಅಸಲಿ ಬಂಡಿಯ 2 ಮೀಟರ್ ಚಾಲಕ ಚಕ್ರ ಇದರಲ್ಲಿ 23 ಮಿಲಿಮೀಟರ್ ಆಗಿದೆ. ಚಕ್ರದ ಕಡ್ಡಿಗಳನ್ನೂ ಬಾಯ್ಲರಿನ ರಿವೆಟ್‌ಗಳನ್ನೂ ಅಷ್ಟು ನಿಷ್ಠೆಯಿಂದ ಕೆತ್ತಿದವರಿಗೆ ಹೊಗೆ ಘಟಕದ ಮೇಲೆ ಅದರ ವೋಲ್ಟೇಜ್ ಬರೆಯಲು ಮಾತ್ರ ಜಾಗ ಸಿಕ್ಕಿಲ್ಲ. ಚಿಮಣಿಯಿಂದ ಹೊರತೆಗೆದು ಅಂಗೈಯಲ್ಲಿಟ್ಟು ನೋಡಿದರೆ ಅದೊಂದು ಸಣ್ಣ ಲೋಹದ ಕೊಳವೆ. ಒಳಗೆ ಸೂಜಿಯಷ್ಟು ತೆಳ್ಳಗಿನ ಇನ್ನೊಂದು ನಳಿಗೆ, ಅದರ ಸುತ್ತ ಕೂದಲೆಳೆಯಂಥ ಕಾವಿನ ತಂತಿ, ಕೆಳಗೆ ಎಣ್ಣೆ ಹಿಡಿದು ಕಪ್ಪಾದ ಎರಡು ವೈರುಗಳು. ಹೊಗೆ ಎಣ್ಣೆ ಆ ನಳಿಗೆಯಲ್ಲಿ ತಾನಾಗಿಯೇ ಮೇಲೇರಿ, ಕಾದು, ಬಿಳಿಯ ಆವಿಯಾಗಿ ಪುಸ್ಸೆಂದು ಹೊರಬರುತ್ತದೆ. ಎಣ್ಣೆ ಹೆಚ್ಚಾದರೆ ಅದು ಉಗುಳುತ್ತದೆಯೇ ಹೊರತು ಹೊಗೆಯಾಡುವುದಿಲ್ಲ, ಮುಗಿದ ಮೇಲೂ ವಿದ್ಯುತ್ ಹರಿಯುತ್ತಿದ್ದರೆ ತಂತಿ ಸುಡುತ್ತದೆ, ಎಲ್ಲವನ್ನೂ ಸರಿಯಾಗಿ ನೋಡಿಕೊಂಡರೂ ಕಾದು ಆರಿ, ಕಾದು ಆರಿ, ಕೊನೆಗೊಮ್ಮೆ ತುಂಡಾಗುತ್ತದೆ. ಸವೆಯುವುದು ಅದರ ಹಣೆಬರಹ.

ಡಿಜಿಟಲ್ ಎಂಜಿನ್ನಿನಲ್ಲಿ ಈ ತೊಂದರೆ ಇನ್ನೂ ಸಿಕ್ಕಾಗುತ್ತದೆ. ಹಳೆಯ ಅನಲಾಗ್ ಪದ್ಧತಿಯಲ್ಲಿ ವೇಗ ತಗ್ಗಿದಂತೆ ಹಳಿಯ ವೋಲ್ಟೇಜ್ ಕೂಡ ತಗ್ಗುತ್ತಿತ್ತು, ಆದ್ದರಿಂದ ಘಟಕಕ್ಕೂ ಉಸಿರಾಡಲು ಬಿಡುವು ಸಿಗುತ್ತಿತ್ತು. ಡಿಜಿಟಲ್‌ನಲ್ಲಿ ಬಂಡಿ ನಿಂತಿರಲಿ, ಓಡುತ್ತಿರಲಿ, ಹಳಿಯಲ್ಲಿ ಪೂರ್ತಿ ವೋಲ್ಟೇಜ್ ಇದ್ದೇ ಇರುತ್ತದೆ. 12 ವೋಲ್ಟಿನ ಘಟಕಕ್ಕೆ 18 ವೋಲ್ಟ್ ಕೊಟ್ಟರೆ ಕಾವು ಒಂದೂವರೆ ಪಟ್ಟಲ್ಲ, ಸುಮಾರು ಎರಡೂಕಾಲು ಪಟ್ಟು ಹೆಚ್ಚುತ್ತದೆ; ತಂತಿ ಮಾತ್ರವಲ್ಲ, ಸುತ್ತಲಿನ ಪ್ಲಾಸ್ಟಿಕ್ ಬಾಯ್ಲರ್ ಕೂಡ ಮೆತ್ತಗಾಗುತ್ತದೆ. ಸಾಲದ್ದಕ್ಕೆ, ಕೆಲವು ಘಟಕಗಳಲ್ಲಿ ಲೋಹದ ಹೊರಮೈಯೇ ಒಂದು ಧ್ರುವ, ಇನ್ನು ಕೆಲವದರಲ್ಲಿ ಎರಡಕ್ಕೂ ಪ್ರತ್ಯೇಕ ವೈರು. ಹೊರಮೈಯಲ್ಲೇ ವಿದ್ಯುತ್ ಹರಿಯುವ ಜಾತಿಯದನ್ನು ತಿಳಿಯದೆ ಲೋಹದ ಚಾಸಿಗೆ ತಾಗಿಸಿ ಕೂರಿಸಿದರೆ ಎಂಜಿನ್ನಿನೊಳಗೆ ಡಿಜಿಟಲ್ ಆದೇಶಗಳನ್ನು ಓದುವ ಡಿಕೋಡರಿನ ಔಟ್‌ಪುಟ್ ಸುಟ್ಟುಹೋಗಬಹುದು, ಡಿಕೋಡರಿನ ಬೆಲೆಯೋ ಘಟಕದ ಬೆಲೆಗಿಂತ ಎಷ್ಟೋ ಹೆಚ್ಚು. ವೈರಿನ ಬಣ್ಣ ನೋಡಿ ನಿರ್ಧರಿಸೋಣವೆಂದರೆ, ಡಿಸಿಸಿ ಎಂಬ ಡಿಜಿಟಲ್ ಪದ್ಧತಿಯಲ್ಲಿ ಕಿತ್ತಳೆ ಬಣ್ಣ ಮೋಟಾರಿನದು, ಜರ್ಮನಿಯ ಮಾರ್ಕ್ಲಿನ್ ಕಂಪನಿಯ ಪದ್ಧತಿಯಲ್ಲಿ ಅದೇ ಕಿತ್ತಳೆ ದೀಪ ಮತ್ತು ಹೊಗೆ ಎರಡಕ್ಕೂ ಸೇರಿದ ಧನ (ಪ್ಲಸ್) ತಂತಿ.

ಇಷ್ಟೆಲ್ಲ ತಿಳಿದುಕೊಂಡು, ಅಳೆದು ಸುರಿದು, ಬೇಕಾದ ಘಟಕ ಯಾವುದೆಂದು ಗೊತ್ತುಮಾಡಿಕೊಂಡ ಮೇಲೆ ಅಸಲಿ ಪಾಡು ಆರಂಭವಾಯಿತು. ಎಂಜಿನ್ನಿನ ಜತೆ ಬಂದ ಹಾಳೆಯಲ್ಲಿ ಪ್ರತಿಯೊಂದು ಸ್ಕ್ರೂಗೂ ಸಂಖ್ಯೆ ಕೊಟ್ಟಿದ್ದಾರೆ, ಹೊಗೆ ಘಟಕದ ಸಂಖ್ಯೆಯ ಮುಂದೆ ಮಾತ್ರ ‘ಬಿಡಿಯಾಗಿ ಮಾರಾಟಕ್ಕಿಲ್ಲ, ದುರಸ್ತಿಗೆ ಕಳುಹಿಸಿ’ ಎಂಬರ್ಥದ ಸಾಲಿದೆ. ಬೆಂಗಳೂರಿನಿಂದ ಜರ್ಮನಿಗೆ ಎಂಜಿನ್ ಕಳುಹಿಸಿ ಮರಳಿ ತರಿಸಿಕೊಳ್ಳುವ ಖರ್ಚಿನಲ್ಲಿ ಇನ್ನೊಂದು ಹಳೆಯ ಎಂಜಿನ್ನನ್ನೇ ಕೊಳ್ಳಬಹುದು. ಹೊಂದುವಂಥ ಬೇರೊಂದು ಘಟಕ ಅಲ್ಲಿಯ ವ್ಯಾಪಾರಿಯೊಬ್ಬರ ಬಳಿ ಸಿಕ್ಕಿತು, ಅಂಚೆ ವೆಚ್ಚ ಅದರ ಬೆಲೆಯನ್ನೂ ಮೀರಿಸಿತು. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು.

ಅನಂತರ ಸೀಮಾಸುಂಕ. ಆಟಿಕೆಗಳು ಮತ್ತು ಅಳತೆಗೆ ತಕ್ಕಂತೆ ಕುಗ್ಗಿಸಿದ ಮಾದರಿಗಳ ಮೇಲಿನ ಮೂಲ ಸುಂಕವನ್ನು 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಲಾಯಿತು. ದೇಶದ ಆಟಿಕೆ ಉದ್ಯಮ ಬೆಳೆಯಲಿ, ನನ್ನ ತಕರಾರಿಲ್ಲ. ಆದರೆ ಆ ಉದ್ಯಮದಲ್ಲಿ ಎಚ್‌ಒ ಅಳತೆಯ ಹೊಗೆ ಘಟಕ ಮಾಡುವವರು ಯಾರಾದರೂ ಇದ್ದರೆ ನಾನೇ ಮೊದಲ ಗಿರಾಕಿಯಾಗುತ್ತೇನೆ. ವಿದ್ಯುನ್ಮಾನ ಆಟಿಕೆಗಳ ಬಿಡಿಭಾಗಗಳನ್ನು ಈ ಏರಿಕೆಯಿಂದ ಹೊರಗಿಟ್ಟಿದ್ದಾರೆ ಎಂಬ ಸಮಾಧಾನವೂ ಕಾಗದದ ಮೇಲಿನದೇ, ಏಕೆಂದರೆ ವೈರು ಜೋಡಿಸಿದ ಕೊಳವೆಯೊಂದು ವಿದ್ಯುನ್ಮಾನ ಆಟಿಕೆಯ ಭಾಗವೋ, ಮಾದರಿಯ ಭಾಗವೋ, ಬರೀ ಹೀಟರೋ ಎಂದು ಯಾರಿಗೆ ವಿವರಿಸಬೇಕೆಂದೇ ತಿಳಿಯದೆ ನನ್ನ ಪೊಟ್ಟಣ ವಾರಗಟ್ಟಲೆ ಕುಳಿತಿತ್ತು. ಜತೆಗೆ ಕೇಳಿದ್ದ ಹೊಗೆ ಎಣ್ಣೆಯ ಪುಟ್ಟ ಶೀಶೆ ಜರ್ಮನಿಯಿಂದ ಹೊರಡಲೇ ಇಲ್ಲ. ವಿಮಾನದಲ್ಲಿ ದ್ರವ ಬೇಡ ಎಂದರು.

ಇಲ್ಲೇ ಏನಾದರೂ ಮಾಡಿಕೊಳ್ಳಿ ಎನ್ನುವ ಹಿತೈಷಿಗಳಿಗೆ ಕೊರತೆಯಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಹೀಟರುಗಳಿಗೆ ಬಳಸುವ ನೈಕ್ರೋಮ್ ತಂತಿ ಸಿಗುತ್ತದೆ, ಆ ಗಾತ್ರದ ನಳಿಗೆಗೆ ಅದನ್ನು ಸುತ್ತುವ ಕೈ ನನಗಿಲ್ಲ. ಕೊಬ್ಬರಿ ಎಣ್ಣೆ ಹಾಕಿ ಎಂದವರಿದ್ದಾರೆ, ಚಿಮಣಿಯಲ್ಲಿ ಅಗರಬತ್ತಿ ಸಿಕ್ಕಿಸಿ ಎಂದ ಅಂಗಡಿಯವರೂ ಇದ್ದಾರೆ. ಹೊರದೇಶದ ಹವ್ಯಾಸಿಗಳು ಇ-ಸಿಗರೇಟಿನ ಸುರುಳಿಗಳಿಂದ ಹೊಗೆ ಘಟಕ ಕಟ್ಟಿಕೊಳ್ಳುತ್ತಾರೆ, ನಮ್ಮಲ್ಲಿ 2019ರಿಂದ ಇ-ಸಿಗರೇಟೇ ನಿಷಿದ್ಧ. ನಿಷೇಧ ಸರಿಯಾದದ್ದೇ, ಆದರೆ ಪುಟ್ಟ ರೈಲಿಗೆ ಹೊಗೆ ಬರಿಸಲು ಹೋಗಿ ಕಾನೂನು ಪುಸ್ತಕ ತೆರೆಯಬೇಕಾದೀತೆಂದು ನಾನು ಭಾವಿಸಿರಲಿಲ್ಲ.

ನಾನು ಕೇಳುತ್ತಿರುವುದು ದೊಡ್ಡ ಉಪಕಾರವೇನಲ್ಲ. ಘಟಕದ ವೋಲ್ಟೇಜ್, ಅದು ಎಳೆಯುವ ಮಿಲಿಆಂಪಿಯರ್, ಹೊರಮೈಯಲ್ಲಿ ವಿದ್ಯುತ್ ಇದೆಯೇ ಇಲ್ಲವೇ ಎಂಬುದನ್ನು ಬಂಡಿಯ ಜತೆಗಿನ ಹಾಳೆಯಲ್ಲಿ ಒಂದು ಸಾಲಿನಲ್ಲಿ ಅಚ್ಚು ಹಾಕಲಿ, ಸವೆಯುವ ಭಾಗವನ್ನು ಬಿಡಿಯಾಗಿ ಮಾರಲಿ. ಇದನ್ನೇ ತಯಾರಕರಿಗೆ ಬರೆದಾಗ, ಫ್ಯಾನಿನಿಂದ ಹೊಗೆಯೂದುವ, ಚಕ್ರದ ಲಯಕ್ಕೆ ತಕ್ಕಂತೆ ಬುಸುಗುಡುವ ಹೊಸ ಮಾದರಿಯ ಕ್ಯಾಟಲಾಗ್ ಪುಟವನ್ನು ಕಳುಹಿಸಿದರು. ಅದರ ಹೊಗೆ ಘಟಕವಾದರೂ ಬಿಡಿಯಾಗಿ ಸಿಗುತ್ತದೆಯೇ ಎಂದು ತಿರುಗಿ ಕೇಳಿದ್ದೇನೆ, ಉತ್ತರ ಬಂದಿಲ್ಲ.